ಯಾವ ಪವರ್ ಬಗ್ಗೆ ಮಾತಾಡ್ತಿದ್ದೀರಿ?

ರಾಯಚೂರಿನಲ್ಲಿ ‘ಪವರ್ ಹೋಯ್ತು’ ಎಂದರೆ ಕರೆಂಟ್ ಹೋಯ್ತು. ಕನ್ನಡಕದ ಅಂಗಡಿಯಲ್ಲಿ ‘ಪವರ್ ಜಾಸ್ತಿ ಆಗಿದೆ’ ಎಂದರೆ ದಪ್ಪ ಗಾಜು ಬೇಕು. ಚುನಾವಣೆ ಬಂದರೆ ಇನ್ನೊಂದು ಪವರ್. ಯಾರು ಹೇಗಾದರೂ ಬಳಸಲಿ, ನನ್ನ ತಕರಾರಿಲ್ಲ. ಆದರೆ ‘ಶಕ್ತಿನಗರದ ವಿದ್ಯುತ್ ಸ್ಥಾವರ ದಿನಕ್ಕೆ 1,720 ಮೆಗಾವ್ಯಾಟ್ ತಯಾರಿಸುತ್ತದೆ’ ಎಂದರೆ ಮೈ ಉರಿಯುತ್ತದೆ.

ಮೆಗಾವ್ಯಾಟ್‌ನಲ್ಲಿ ‘ದಿನಕ್ಕೆ ಇಷ್ಟು’ ಎಂಬ ಲೆಕ್ಕ ಬರುವುದಿಲ್ಲ. ವಿಜ್ಞಾನದಲ್ಲಿ ಪವರ್ ಎಂದರೆ ಕೆಲಸ ಎಷ್ಟು ಬೇಗ ನಡೆಯುತ್ತಿದೆ ಎಂಬುದು, ಒಟ್ಟು ಎಷ್ಟು ಆಯಿತು ಎಂಬುದಲ್ಲ. ತುಂಗಭದ್ರಾ ನೀರು ನಂಬಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಲುವೆಯ ಮಾತು ಕ್ಯೂಸೆಕ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂದು. ಡ್ಯಾಮ್‌ನ ಮಾತು ಟಿಎಂಸಿಯಲ್ಲಿ, ಅಂದರೆ ಒಟ್ಟು ಎಷ್ಟು ನೂರು ಕೋಟಿ ಘನ ಅಡಿ ನೀರಿದೆ ಎಂದು. 11,574 ಕ್ಯೂಸೆಕ್ ಇಡೀ ದಿನ ಹರಿದರೆ 1 ಟಿಎಂಸಿ. ವ್ಯಾಟ್ ಇಲ್ಲಿ ಕ್ಯೂಸೆಕ್, ಬಿಲ್‌ನಲ್ಲಿ ಬರುವ ಯೂನಿಟ್ (1 ಕಿಲೋವ್ಯಾಟ್ ಒಂದು ತಾಸು ಓಡಿದಷ್ಟು) ಟಿಎಂಸಿ. 1,720 ಮೆಗಾವ್ಯಾಟ್ ಸ್ಥಾವರ ಪೂರ್ತಿ ಸಾಮರ್ಥ್ಯದಲ್ಲಿ 24 ತಾಸು ಓಡಿದರೆ ಸುಮಾರು 4.13 ಕೋಟಿ ಯೂನಿಟ್ ಆಗುತ್ತದೆ.

ಹೊಲದ ಪಂಪ್‌ಸೆಟ್ ಮೇಲಿನ ತಗಡು ಒರೆಸಿ ನೋಡಿ. 5 ಎಚ್‌ಪಿ (ಹಾರ್ಸ್‌ಪವರ್, ಅಂದರೆ ಕುದುರೆಯ ಶಕ್ತಿ), ಪಕ್ಕದಲ್ಲೇ 3.7 ಕಿಲೋವ್ಯಾಟ್. ಎರಡೂ ಒಂದೇ, ಏಕೆಂದರೆ 1 ಎಚ್‌ಪಿ ಎಂದರೆ ಸುಮಾರು 746 ವ್ಯಾಟ್. ಈ ಎಚ್‌ಪಿ ಹುಟ್ಟಿದ್ದು ವ್ಯಾಪಾರಕ್ಕೆ. ಜೇಮ್ಸ್ ವಾಟ್ ತನ್ನ ಉಗಿ ಯಂತ್ರ ಮಾರಬೇಕಿತ್ತು, ಕೊಳ್ಳುವವರು ಕುದುರೆ ಕಟ್ಟಿ ಗಿರಣಿ ತಿರುಗಿಸುತ್ತಿದ್ದವರು. ‘ಇದು ಎಷ್ಟು ಕುದುರೆಗೆ ಸಮ?’ ಎಂದರೆ ಉತ್ತರ ಬೇಕಲ್ವಾ? ಅವನ ಹೆಸರಿನ ವ್ಯಾಟ್ ಬಂದದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1882ರಲ್ಲಿ.

ಕನ್ನಡಕದ ಪವರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಬೆಳಕನ್ನು ಬಗ್ಗಿಸುವ ಅಳತೆ. +2 ಗಾಜನ್ನು ಬಿಸಿಲಿಗೆ ಹಿಡಿಯಿರಿ, ಅರ್ಧ ಮೀಟರ್ ಕೆಳಗೆ ಬೆಳಕು ಚುಕ್ಕಿಯಾಗಿ ಕೂಡುತ್ತದೆ. +4 ಆದರೆ ಕಾಲು ಮೀಟರ್. ಕೆಳಗೆ ಒಣ ಹುಲ್ಲು ಇರದಂತೆ ನೋಡಿಕೊಳ್ಳಿ, ನಮ್ಮ ಕಡೆ ಬಿಸಿಲು ಗೊತ್ತಲ್ಲ.

ನನಗೆ ತಲೆನೋವು ತರುವುದು ಔಷಧಿಯ ಪವರ್. 650ರ ಜ್ವರದ ಮಾತ್ರೆ ಎಂದರೆ ಅದರಲ್ಲಿ 650 ಮಿಲಿಗ್ರಾಂ ಮದ್ದಿದೆ, ಸರಳ. ಹೋಮಿಯೋಪಥಿಯಲ್ಲಿ ಲೆಕ್ಕ ಉಲ್ಟಾ. 30ಸಿ ಎಂದರೆ ಒಂದು ಪಾಲು ಮದ್ದಿಗೆ 99 ಪಾಲು ನೀರೋ ಸ್ಪಿರಿಟ್ಟೋ ಬೆರೆಸಿ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ಬೆರೆಸುತ್ತಾ 30 ಸಲ ಮಾಡಿದ್ದು. 12 ಸಲ ದಾಟುವಷ್ಟರಲ್ಲಿ ಮೂಲ ವಸ್ತುವಿನ ಒಂದು ಅಣು ಉಳಿಯುವುದೂ ಕಷ್ಟ. ‘ಜಾಸ್ತಿ ಪವರ್‌ದು, 200 ಕೊಡ್ರಿ’ ಎಂದು ಕೇಳಿ ಪಡೆಯುವವರ ಕೈಗೆ ಬರುವುದು ಸುಮ್ನೆ ಸಕ್ಕರೆ ಗುಳಿಗೆ.