ಐದು ಸಾವಿರ ಜನರ ದ್ವೀಪಕ್ಕೆ ಎಚ್‌ಐವಿ ಮಾತ್ರೆ ತರಿಸುವುದು

ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಔಷಧ ದಾಸ್ತಾನು ನೋಡಿಕೊಳ್ಳುವವರಿಗೆ ಎರಡು ಭಯ. ಒಂದು, ಮಾತ್ರೆ ಖಾಲಿಯಾಗುವುದು. ಇನ್ನೊಂದು, ಉಳಿದ ಮಾತ್ರೆ ಎಕ್ಸ್‌ಪೈರಿ ಆಗುವುದು. ನಮ್ಮಲ್ಲಿ ಎರಡಕ್ಕೂ ದಾರಿ ಇದೆ. ಹಾವೇರಿಯಲ್ಲಿ ಜಾಸ್ತಿ ಇದ್ದರೆ ಗದಗಕ್ಕೆ ಕಳಿಸಬಹುದು. ಒಂದು ಫೋನು, ಒಂದು ಇಂಡೆಂಟು, ಒಂದು ಗಾಡಿ. ಪಕ್ಕದ ಸ್ಟೋರು ಸಮುದ್ರದ ಆಚೆ ಇದ್ದರೆ ಏನು ಮಾಡುವುದು?

ವೆಸ್ಟ್ ಇಂಡೀಸ್ ಆಟ ನೋಡಿ ಬೆಳೆದ ನಮಗೆ ಆಂಟಿಗುವಾ, ಸೇಂಟ್ ಲೂಸಿಯಾ ಅಂದರೆ ಕ್ರಿಕೆಟ್ ಮೈದಾನಗಳು. ತಂಡ ಒಂದೇ ಆದರೂ ಪ್ರತಿ ದ್ವೀಪಕ್ಕೂ ಬೇರೆ ಸರ್ಕಾರ, ಬೇರೆ ಆರೋಗ್ಯ ಇಲಾಖೆ. ಡೊಮಿನಿಕಾದಲ್ಲಿ 70 ಸಾವಿರದ ಆಸುಪಾಸು ಜನ. ಮಾಂಟ್ಸೆರಾಟ್‌ನಲ್ಲಿ ಐದು ಸಾವಿರವೂ ಕಷ್ಟ, ನಮ್ಮ ಒಂದು ಗ್ರಾಮ ಪಂಚಾಯಿತಿಯಷ್ಟು. ಅಂಥ ದ್ವೀಪದಲ್ಲಿ 40 ಜನ ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದುಕೊಳ್ಳಿ. ಯಾವ ಕಂಪನಿ ಆ 40 ಜನರ ಆರ್ಡರಿಗೆ ದರ ಇಳಿಸುತ್ತದೆ? ಇಬ್ಬರಿಗೆ ಔಷಧ ಬದಲಾದರೆ ಅವರಿಗೆಂದು ತರಿಸಿದ್ದ ಡಬ್ಬಗಳು ಕಪಾಟಿನಲ್ಲೇ ಕೂರುತ್ತವೆ.

ಇದಕ್ಕೆ ಆ ದ್ವೀಪಗಳು ಕಂಡುಕೊಂಡ ಉತ್ತರ ಎಚ್‌ಐವಿಗೆಂದೇ ಹುಟ್ಟಿದ್ದಲ್ಲ. 1986ರಲ್ಲೇ ಪೂರ್ವ ಕೆರಿಬಿಯನ್ನಿನ ಈ ಪುಟ್ಟ ದೇಶಗಳು ಸೇರಿ ಸೇಂಟ್ ಲೂಸಿಯಾದಲ್ಲಿ ಒಂದು ಖರೀದಿ ಕಚೇರಿ ತೆರೆದವು. ಕೆಲಸದ ಕ್ರಮ ಸರಳ. ಎಲ್ಲ ದ್ವೀಪಗಳ ಬೇಡಿಕೆ ಕೂಡಿಸಿ ಒಂದೇ ಟೆಂಡರ್ ಕರೆಯುತ್ತಾರೆ. ಯಾರಿಗೆ ಟೆಂಡರ್ ಆಗುತ್ತದೋ ಎಲ್ಲರೂ ಅವರಿಂದಲೇ ಕೊಳ್ಳಬೇಕು, ಹಿಂದಿನಿಂದ ಬೇರೆಯವರ ಜೊತೆ ವ್ಯಾಪಾರ ಕುದುರಿಸುವಂತಿಲ್ಲ. ಸರಕು ಮಾತ್ರ ನೇರ ಆಯಾ ದ್ವೀಪಕ್ಕೇ ಹೋಗುತ್ತದೆ.

ಟೆಂಡರ್ ಯಾರು ಬೇಕಾದರೂ ಕರೆಯಬಹುದು. ನನಗೆ ಅದಕ್ಕಿಂತ ಇಷ್ಟವಾಗಿದ್ದು ಹಣ ಕೊಡುವ ರೀತಿ. ಪ್ರತಿ ದೇಶವೂ ತನ್ನ ವರ್ಷದ ಔಷಧ ಬಜೆಟ್ಟಿನ ಮೂರನೇ ಒಂದು ಭಾಗದಷ್ಟನ್ನು ಪೂರ್ವ ಕೆರಿಬಿಯನ್ ಸೆಂಟ್ರಲ್ ಬ್ಯಾಂಕಿನಲ್ಲಿ ಮೊದಲೇ ಇಡಬೇಕು. ಸರಕು ಬಂತು ಎಂದು ಗೊತ್ತಾದ ಕೂಡಲೇ ಬ್ಯಾಂಕು ಆ ಖಾತೆಯಿಂದ ಕಂಪನಿಗೆ ಡಾಲರಿನಲ್ಲಿ ಕೊಡುತ್ತದೆ. ದೇಶ ಆಮೇಲೆ ಖಾತೆ ತುಂಬುತ್ತದೆ. ಸರ್ಕಾರಿ ಬಿಲ್ಲು ಪಾಸಾಗಲು ಎಷ್ಟು ಮೇಜು ಸುತ್ತಬೇಕು ಅಂತ ಗೊತ್ತಿರುವವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಹಣ ತಡವಾಗಿ ಬರುತ್ತದೆ ಎಂಬ ಅನುಮಾನವಿದ್ದರೆ ಕಂಪನಿಯವರು ಆ ಬಡ್ಡಿಯನ್ನೂ ಮಾತ್ರೆಯ ದರಕ್ಕೇ ಸೇರಿಸುತ್ತಾರೆ, ಅಲ್ವಾ?

ಎಚ್‌ಐವಿ ಔಷಧ ಬಂದಾಗ ಈ ವ್ಯವಸ್ಥೆ ಆಗಲೇ ಸಿದ್ಧವಿತ್ತು. ದರದ ಜಗಳವನ್ನು ಇನ್ನೂ ದೊಡ್ಡ ಗುಂಪು ಕೈಗೆತ್ತಿಕೊಂಡಿತು. 2001ರ ಫೆಬ್ರವರಿಯಲ್ಲಿ ಬಾರ್ಬಡೋಸ್‌ನಲ್ಲಿ ಕೆರಿಬಿಯನ್ ನಾಯಕರು ಪ್ಯಾಂಕ್ಯಾಪ್ ಎಂಬ ಜಂಟಿ ಕೂಟ ಕಟ್ಟಿದರು. ಮರುವರ್ಷ ಬಾರ್ಸಿಲೋನಾ ಏಡ್ಸ್ ಸಮ್ಮೇಳನದಲ್ಲಿ ಅದು ಆರು ದೊಡ್ಡ ಕಂಪನಿಗಳ ಜೊತೆ ದರ ಇಳಿಕೆಯ ಒಪ್ಪಂದ ಮಾಡಿಕೊಂಡಿತು. ಆದರೆ ದರ ನಿಜವಾಗಿ ಕುಸಿದದ್ದು ನಮ್ಮ ದೇಶದ ಕಂಪನಿಗಳಿಂದ. ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಜಾಸ್ತಿ ಇದ್ದ ಚಿಕಿತ್ಸೆಯನ್ನು 2001ರಲ್ಲಿ ಸಿಪ್ಲಾ 350 ಡಾಲರಿಗೆ ಕೊಡುತ್ತೇನೆ ಎಂದಿತು. 2003ರಲ್ಲಿ ಕ್ಲಿಂಟನ್ ಪ್ರತಿಷ್ಠಾನ ಆಫ್ರಿಕಾ ಮತ್ತು ಕೆರಿಬಿಯನ್ ದೇಶಗಳಿಗಾಗಿ ಭಾರತದ ಕಂಪನಿಗಳ ಜೊತೆ ಕೂತು ಅದನ್ನು 140 ಡಾಲರಿನ ಕೆಳಗೆ ತಂದಿತು. ಈಗ ದಿನಕ್ಕೆ ಒಂದೇ ಮಾತ್ರೆ. ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧ ದೇಶಗಳಿಗೆ ನೆರವು ಕೊಡುವ ಗ್ಲೋಬಲ್ ಫಂಡ್ 2023ರಲ್ಲಿ ಕುದುರಿಸಿದ ದರ ವರ್ಷಕ್ಕೆ 45 ಡಾಲರಿಗೂ ಕಡಿಮೆ.

ಮಾತ್ರೆ ಅಗ್ಗವಾಯಿತು ಅಂತ ಜನ ಬಂದು ತೆಗೆದುಕೊಳ್ಳುವುದಿಲ್ಲ. ಪುಟ್ಟ ದ್ವೀಪದಲ್ಲಿ ಊರಿಗೆ ಊರೇ ಪರಿಚಯ. ನರ್ಸ್ ಯಾರದೋ ಅತ್ತೆ ಮಗಳು, ಮಾತ್ರೆ ಕೊಡುವವನು ಸಹಪಾಠಿ. ಗುರುವಾರ ಮಧ್ಯಾಹ್ನ ಎಚ್‌ಐವಿ ಕ್ಲಿನಿಕ್ ಅಂತ ಬೋರ್ಡು ಹಾಕಿದರೆ, ಗುರುವಾರ ಅಲ್ಲಿ ಯಾರ ಕಾರು ನಿಂತಿತ್ತು ಎಂಬುದು ಸಂಜೆಗೆ ಊರಿಗೆಲ್ಲ ಗೊತ್ತು. ಹಾಗಾಗಿ ಅನುಕೂಲ ಇದ್ದವರು ಪಕ್ಕದ ದ್ವೀಪಕ್ಕೆ ವಿಮಾನ ಹತ್ತುತ್ತಾರೆ. ಇಲ್ಲದವರು ಚಿಕಿತ್ಸೆಯನ್ನೇ ಬಿಡುತ್ತಾರೆ. ನಮ್ಮಲ್ಲೂ ಮನೆ ಹತ್ತಿರದ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಬಸ್ಸಿನಲ್ಲಿ ಹೋಗುವವರಿದ್ದಾರೆ. ಅಂಥವರಿಗೆ ‘ಇಲ್ಲೇ ಹತ್ತಿರ ಇದೆಯಲ್ಲಾ’ ಎಂದು ಬುದ್ಧಿ ಹೇಳಬಾರದು. ನನ್ನ ಪ್ರಕಾರ ಎಚ್‌ಐವಿಗೆ ಬೇರೆ ಕೋಣೆ, ಬೇರೆ ದಿನ ಇರಲೇಬಾರದು. ಬಿಪಿ, ಶುಗರ್ ಮಾತ್ರೆ ಕೊಡುವ ಕಿಟಕಿಯಲ್ಲೇ ಇದನ್ನೂ ಕೊಡಬೇಕು.

ಕಾನೂನಿನ ವಿಷಯದಲ್ಲೂ ಇದೇ ಕಷ್ಟ. ಸಲಿಂಗ ಸಂಬಂಧವನ್ನು ಅಪರಾಧ ಮಾಡುವ ಬ್ರಿಟಿಷರ ಕಾಲದ ಕಾನೂನು ಅಲ್ಲೂ ಉಳಿದಿತ್ತು. ಅದಕ್ಕೆ ಹೆದರಿ ಪರೀಕ್ಷೆಗೇ ಬಾರದವರಿರುತ್ತಾರೆ. ಇಂಥ ಊರಲ್ಲಿ ಒಬ್ಬರೇ ಕೋರ್ಟಿಗೆ ಹೋಗುವುದು ಹೇಗೆ? ಪ್ರಾದೇಶಿಕ ಒಕ್ಕೂಟವೊಂದು ಹಲವು ದೇಶಗಳಲ್ಲಿ ಮೊಕದ್ದಮೆಗೆ ಬೆನ್ನು ಕೊಟ್ಟಿತು. ಆಂಟಿಗುವಾ, ಸೇಂಟ್ ಕಿಟ್ಸ್, ಬಾರ್ಬಡೋಸ್‌ಗಳಲ್ಲಿ 2022ರಲ್ಲಿ, ಸೇಂಟ್ ಲೂಸಿಯಾದಲ್ಲಿ 2025ರಲ್ಲಿ ಆ ಕಾನೂನು ಬಿತ್ತು. ಸೇಂಟ್ ವಿನ್ಸೆಂಟ್‌ನಲ್ಲಿ ಮಾತ್ರ 2024ರಲ್ಲಿ ಕೋರ್ಟು ಒಪ್ಪಲಿಲ್ಲ.

ತಾಯಿಯಿಂದ ಮಗುವಿಗೆ ಸೋಂಕು ತಡೆಯುವುದರಲ್ಲಿ ಈ ದ್ವೀಪಗಳು ನಮಗಿಂತ ಮುಂದಿವೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಮನ್ನಣೆ 2015ರಲ್ಲಿ ಜಗತ್ತಿನಲ್ಲೇ ಮೊದಲು ಕ್ಯೂಬಾಕ್ಕೆ ಸಿಕ್ಕಿತು. 2017ರಲ್ಲಿ ಆಂಟಿಗುವಾ, ಮಾಂಟ್ಸೆರಾಟ್ ಸೇರಿ ಆರು ದ್ವೀಪ ಆಡಳಿತಗಳಿಗೆ ಸಿಕ್ಕಿತು. ಲೆಕ್ಕ ಮಾತ್ರ ವಿಚಿತ್ರ. ಒಂದು ಲಕ್ಷ ಹೆರಿಗೆಗೆ ಸೋಂಕಿತ ಮಕ್ಕಳು 50 ದಾಟಬಾರದು ಎಂಬುದು ಒಂದು ಅಳತೆ. ವರ್ಷಕ್ಕೆ 500 ಹೆರಿಗೆಯಾಗುವ ದ್ವೀಪದಲ್ಲಿ ಒಂದೇ ಮಗುವಿಗೆ ಸೋಂಕು ತಗುಲಿದರೂ ಲಕ್ಷಕ್ಕೆ 200 ಆಗಿಬಿಡುತ್ತದೆ! ಅಲ್ಲಿ ಒಬ್ಬ ಗರ್ಭಿಣಿಯ ಪರೀಕ್ಷೆಯನ್ನೂ ಬಿಡುವಂತಿಲ್ಲ.

ಇನ್ನು ಚಂಡಮಾರುತ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಹೊಡೆದಾಗ ಬಾರ್ಬುಡಾದ ಜನರನ್ನೆಲ್ಲ ಆಂಟಿಗುವಾಕ್ಕೆ ಸಾಗಿಸಬೇಕಾಯಿತು. ಎರಡೇ ವಾರದಲ್ಲಿ ಮರಿಯಾ ಡೊಮಿನಿಕಾವನ್ನು ನೆಲಸಮ ಮಾಡಿತು. ಇಂಥ ಕಡೆ ತಿಂಗಳಿಗೊಮ್ಮೆ ಬನ್ನಿ ಎನ್ನುವ ಪದ್ಧತಿ ಕೆಲಸಕ್ಕೆ ಬಾರದು. ಜೂನ್‌ನಲ್ಲಿ ಚಂಡಮಾರುತದ ಕಾಲ ಶುರುವಾಗುವ ಮೊದಲೇ ಮೂರು ತಿಂಗಳ ಮಾತ್ರೆ ರೋಗಿಯ ಕೈಯಲ್ಲಿರಬೇಕು.

ಮುಂದಿನ ಚಿಂತೆ ಹಣದ್ದು. ತಲಾ ಆದಾಯದ ಪಟ್ಟಿಯಲ್ಲಿ ಈ ದ್ವೀಪಗಳು ಬಡ ದೇಶಗಳಲ್ಲ. ಒಂದೊಂದಾಗಿ ಹೋದರೆ ದಾನಿಗಳ ಬಾಗಿಲು ತೆರೆಯುವುದು ಕಷ್ಟ, ಗ್ಲೋಬಲ್ ಫಂಡ್‌ನಿಂದ ಅನುದಾನ ಸಿಕ್ಕಿದ್ದೂ ಗುಂಪಾಗಿ ಹೋದಾಗಲೇ. ಆ ನೆರವೂ ಕರಗುತ್ತಿದೆ. ಅದಕ್ಕೇ ನನ್ನ ಕಣ್ಣು ಆ ಬ್ಯಾಂಕ್ ಖಾತೆಗಳ ಮೇಲೆ. ಪ್ರವಾಸಿಗರು ಬಾರದ ವರ್ಷದಲ್ಲೂ ಸರ್ಕಾರಗಳು ಆ ಖಾತೆಗೆ ಸಮಯಕ್ಕೆ ಸರಿಯಾಗಿ ದುಡ್ಡು ತುಂಬಿದರೆ ಮಾತ್ರೆ ಬರುತ್ತದೆ. ತುಂಬದಿದ್ದರೆ ಮುಂದಿನ ಟೆಂಡರಿನಲ್ಲಿ ಎಲ್ಲರಿಗೂ ದರ ಏರುತ್ತದೆ, ಸರಿಯಾಗಿ ಕಟ್ಟಿದ ದ್ವೀಪಕ್ಕೂ.