ಬೆಂಕಿಯಿಂದ ಉಳಿದು ಎರಡಾದ ಫುಚುನ್ ಬೆಟ್ಟಗಳು

ಪೂರ್ವ ಚೀನಾದ ಫುಚುನ್ ನದಿ ದಂಡೆಯ ಬೆಟ್ಟಗಳನ್ನು ಚಿತ್ರಿಸಲು ಹುವಾಂಗ್ ಗೊಂಗ್‌ವಾಂಗ್ ಕುಂಚ ಹಿಡಿದದ್ದು 1347ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ. ಆ ಒಂದೇ ಚಿತ್ರಸುರುಳಿಯ ಒಂದು ತುಂಡು ಇಂದು ಚೀನಾದ ಹಾಂಗ್‌ಝೌನಲ್ಲಿದೆ, ಇನ್ನೊಂದು ತೈವಾನ್‌ನ ತೈಪೆಯಲ್ಲಿದೆ.

ಆಗ ಚೀನಾವನ್ನು ಆಳುತ್ತಿದ್ದವರು ಮಂಗೋಲರು. ಸರ್ಕಾರಿ ಹುದ್ದೆಗೆ ದಾರಿಯಾಗಿದ್ದ ಪರೀಕ್ಷೆಗಳು ದಶಕಗಳ ಕಾಲ ನಿಂತುಹೋಗಿ 1315ರಲ್ಲಷ್ಟೇ ಮತ್ತೆ ಆರಂಭವಾಗಿದ್ದವು. ಓದಿದ ಎಷ್ಟೋ ಜನಕ್ಕೆ ಕೆಲಸವಿರಲಿಲ್ಲ. ಹುವಾಂಗ್ ಗುಮಾಸ್ತನಾಗಿದ್ದವನು, ಮೇಲಧಿಕಾರಿಯ ಹಗರಣದಲ್ಲಿ ಸಿಲುಕಿ ಜೈಲು ಕಂಡು, ಆಮೇಲೆ ದಾವೋ ಪಂಥ ಸೇರಿದ. ಮಂಗೋಲರಿಗೂ ಹಿಂದಿನ ಸೊಂಗ್ ರಾಜವಂಶದ ಅರಮನೆಯ ಚಿತ್ರಕಾರರು ಹಕ್ಕಿಯ ಒಂದೊಂದು ಗರಿಯನ್ನೂ ನಿಖರವಾಗಿ ಬಿಡಿಸುತ್ತಿದ್ದರು. ಹುವಾಂಗ್‌ನಂಥ ಪಂಡಿತರು ಆ ನಾಜೂಕಿನ ಗೊಡವೆಗೆ ಹೋಗಲಿಲ್ಲ. ಅಕ್ಷರ ಬರೆಯುವ ಕುಂಚ, ಮಸಿಯಲ್ಲೇ ಬೆಟ್ಟವನ್ನೂ ಬರೆದರು, ಅದೂ ಹೆಚ್ಚಾಗಿ ಸ್ನೇಹಿತರಿಗಾಗಿ. ಚೀನೀ ಚಿತ್ರಕಲೆಯ ದೊಡ್ಡ ತಿರುವು ಇದೇ ಎಂದು ನನಗನ್ನಿಸುತ್ತದೆ.

ಈ ಸುರುಳಿಯೂ ವುಯೊಂಗ್ ಎಂಬ ದಾವೋ ಸನ್ಯಾಸಿ ಗೆಳೆಯನಿಗೆಂದು ಬರೆದದ್ದು. ಮೂರ್ನಾಲ್ಕು ವರ್ಷ ಕಳೆದರೂ ಮುಗಿದಿರಲಿಲ್ಲ. ಯಾರಾದರೂ ಮೋಸದಿಂದಲೋ ಬಲವಂತದಿಂದಲೋ ಹೊಡೆದುಕೊಂಡು ಹೋದಾರೆಂದು ವುಯೊಂಗ್‌ಗೆ ಭಯ. ಅದಕ್ಕೇ ಇದು ಯಾರದೆಂದು ಮೊದಲೇ ಬರೆದುಕೊಡುವಂತೆ ಕೇಳಿಕೊಂಡ. 1350ರಲ್ಲಿ ಹುವಾಂಗ್ ಆ ಭಯದ ಸಮೇತ ಎಲ್ಲವನ್ನೂ ಚಿತ್ರದ ಕೊನೆಯಲ್ಲೇ ಬರೆದಿಟ್ಟ.

ಭಯ ಸುಳ್ಳಾಗಲಿಲ್ಲ. ಮಂಗೋಲರ ನಂತರ ಬಂದ ಮಿಂಗ್ ರಾಜವಂಶದ ಕಾಲದ ಕಲಾವಿದ ಶೆನ್ ಝೌ ಇದನ್ನು ಕಳೆದುಕೊಂಡು, 1487ರಲ್ಲಿ ನೆನಪಿನಿಂದಲೇ ಪ್ರತಿ ಬರೆದ. ಮುಂದೆ ಚಿತ್ರಕಾರ ದೊಂಗ್ ಚಿಚಾಂಗ್‌ನ ಕೈದಾಟಿ ಮೂಲ ಸುರುಳಿ ಯಿಶಿಂಗ್ ಊರಿನ ವು ಮನೆತನಕ್ಕೆ ಸೇರಿತು. 1650ರಲ್ಲಿ ಮರಣಶಯ್ಯೆಯಲ್ಲಿದ್ದ ವು ಹೊಂಗ್ಯು, ಪ್ರಾಣಕ್ಕಿಂತ ಪ್ರಿಯವಾದ ಈ ಚಿತ್ರವನ್ನು ತನ್ನೊಂದಿಗೇ ಕೊಂಡೊಯ್ಯಲು ಬೆಂಕಿಗೆ ಹಾಕಿಸಿದ. ಸೋದರನ ಮಗ ಅದನ್ನು ಎಳೆದುಕೊಂಡು ಬದಲಿಗೆ ಬೇರೊಂದು ಸುರುಳಿಯನ್ನು ಬೆಂಕಿಗೆಸೆದ. ಅಷ್ಟರಲ್ಲಿ ಸುರುಳಿ ಸುಟ್ಟು ಎರಡಾಗಿತ್ತು.

ಉದ್ದನೆಯ ತುಂಡು, ಸುಮಾರು 6.4 ಮೀಟರಿನದು, 1746ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯ ಕೈಸೇರಿತು. ಹಿಂದಿನ ವರ್ಷವಷ್ಟೇ ಬಂದಿದ್ದ ನಕಲನ್ನೇ ಅಸಲಿಯೆಂದು ಅವನು ನಂಬಿದ್ದ, ನಿಜವಾದದ್ದನ್ನು ನಕಲಿ ಎಂದು ಸಾರಿಬಿಟ್ಟ. ಮೆಚ್ಚಿದ ಚಿತ್ರದ ಖಾಲಿ ಜಾಗದಲ್ಲೆಲ್ಲ ಕವಿತೆ, ಟಿಪ್ಪಣಿ ಬರೆದು ಮುದ್ರೆ ಒತ್ತುವುದು ಅವನ ಅಭ್ಯಾಸ. ಹಾಗಾಗಿ ನಕಲಿನ ತುಂಬ ಅವನ ಬರಹ ತುಂಬಿಕೊಂಡಿತು. ಚಕ್ರವರ್ತಿಯ ತಪ್ಪಿನಿಂದಲೇ ಹುವಾಂಗ್‌ನ ಬಿಳಿ ಆಕಾಶ ಬಹುಮಟ್ಟಿಗೆ ಉಳಿಯಿತು. ಇದಕ್ಕಾಗಿ ನಾವು ಆ ತಪ್ಪಿಗೆ ಋಣಿಗಳೇ.

ಅರಮನೆಯ ಸಂಗ್ರಹ 1933ರಲ್ಲಿ ಜಪಾನೀ ಸೇನೆಗೆ ಹೆದರಿ ಬೀಜಿಂಗ್‌ನಿಂದ ಹೊರಟಿತು. ಅಂತರ್ಯುದ್ಧದಲ್ಲಿ ಸೋಲುತ್ತಿದ್ದ ಚಿಯಾಂಗ್ ಕೈಶೆಕ್ ಸರ್ಕಾರ ಅದರ ಆಯ್ದ ಭಾಗವನ್ನು ತೈವಾನ್‌ಗೆ ಸಾಗಿಸಿದಾಗ ಉದ್ದನೆಯ ತುಂಡೂ ಸಮುದ್ರ ದಾಟಿತು. ಅರ್ಧ ಮೀಟರಿನ ಚಿಕ್ಕ ತುಂಡು ಖಾಸಗಿಯವರ ಕೈಯಲ್ಲಿದ್ದು, 1956ರಲ್ಲಿ ಹಾಂಗ್‌ಝೌನ ಝೆಜಿಯಾಂಗ್ ಮ್ಯೂಸಿಯಂ ಸೇರಿತು.

2011ರ ಜೂನ್‌ನಲ್ಲಿ ಹಾಂಗ್‌ಝೌನ ತುಂಡನ್ನು ತೈಪೆಗೆ ತಂದು ಎರಡನ್ನೂ ಒಟ್ಟಿಗೆ ಪ್ರದರ್ಶಿಸಿದರು. ಉದ್ದನೆಯ ತುಂಡು ಮಾತ್ರ ಚೀನಾಕ್ಕೆ ಹೋಗಿಲ್ಲ. ಕಳಿಸಿದ್ದನ್ನು ಮುಟ್ಟುಗೋಲು ಹಾಕಿಕೊಳ್ಳುವುದಿಲ್ಲ ಎಂಬ ಕಾನೂನಿನ ಖಾತರಿ ಬೇಕೆಂಬುದು ತೈಪೆಯ ಪಟ್ಟು.