ಮದುವೆಮನೆ ಕಳೆದುಕೊಂಡ ಸಂಗೀತ

ಡಿಸೆಂಬರ್ ಕೊನೆಯ ವಾರದಲ್ಲಿ ನ್ಯೂಯಾರ್ಕ್ ನಗರವೆಲ್ಲ ಕ್ರಿಸ್‌ಮಸ್ ಗುಂಗಿನಲ್ಲಿರುವಾಗ ಒಂದಷ್ಟು ಜನ ಪಿಟೀಲು, ಕ್ಲಾರಿನೆಟ್, ಅಕಾರ್ಡಿಯನ್ ಹೊತ್ತುಕೊಂಡು ಬೇರೆಯೇ ಕೂಟಕ್ಕೆ ಹೊರಡುತ್ತಾರೆ. ಪೂರ್ವ ಯುರೋಪಿನ ಯೆಹೂದಿಗಳ ಮಾತಾದ ಯಿದ್ದಿಶ್ ಮತ್ತು ಅವರ ಮದುವೆ ಸಂಗೀತವಾದ ಕ್ಲೆಜ್ಮರ್‌ಗಾಗಿ ನಡೆಯುವ ‘ಯಿದ್ದಿಶ್ ನ್ಯೂಯಾರ್ಕ್’ ಎಂಬ ಈ ಉತ್ಸವ 2015ರಲ್ಲಿ ಶುರುವಾಯಿತು. ಹಗಲು ಭಾಷೆಯ ಪಾಠ, ವಾದ್ಯದ ಪಾಠ, ಸಂಜೆ ಕಛೇರಿ, ರಾತ್ರಿ ಕುಣಿತ. ಆ ವಾರವನ್ನೇ ಆರಿಸಿಕೊಂಡಿದ್ದಕ್ಕೆ ದೊಡ್ಡ ತತ್ವವೇನೂ ಬೇಕಿಲ್ಲ. ಊರಿಗೆಲ್ಲ ರಜೆ, ಯೆಹೂದಿಗಳಿಗೆ ಆ ಹಬ್ಬವಿಲ್ಲ. ವಿಚಿತ್ರವಿರುವುದು ಬೇರೆಡೆ. ಇಲ್ಲಿ ಸೇರುವ ಬಹಳಷ್ಟು ಮಂದಿಗೆ ಯಿದ್ದಿಶ್ ಮನೆಮಾತಲ್ಲ. ಅದೇ ನಗರದ ಬ್ರೂಕ್ಲಿನ್‌ನಲ್ಲಿ ಕಟ್ಟಾ ಸಂಪ್ರದಾಯಸ್ಥ ಯೆಹೂದಿಗಳಾದ ಹಸಿದಿಕ್ ಪಂಥದ ಸಾವಿರಾರು ಕುಟುಂಬಗಳು ಯಿದ್ದಿಶಿನಲ್ಲೇ ಮಕ್ಕಳನ್ನು ಗದರಿಸುತ್ತವೆ, ತರಕಾರಿ ಕೊಳ್ಳುತ್ತವೆ. ಆದರೆ ಅವರು ಇತ್ತ ಸುಳಿಯುವುದು ಅಪರೂಪ. ಭಾಷೆ ಒಂದು ಕಡೆ, ಅದರ ಉತ್ಸವ ಇನ್ನೊಂದು ಕಡೆ ಆದದ್ದು ಹೇಗೆ?

ಯಿದ್ದಿಶ್ ಸುಮಾರು ಸಾವಿರ ವರ್ಷಗಳ ಹಿಂದೆ ರೈನ್ ನದಿಯ ಆಸುಪಾಸಿನಲ್ಲಿ ರೂಪುಗೊಂಡ ಮಾತು. ಮೈಕಟ್ಟು ಜರ್ಮನ್, ಲಿಪಿ ಹೀಬ್ರೂ. ಜನ ಪೂರ್ವಕ್ಕೆ ಸರಿದಂತೆ ಸ್ಲಾವಿಕ್ ಪದಗಳೂ ಬಂದು ಕೂಡಿಕೊಂಡವು. ಪ್ರಾರ್ಥನೆಗೆ, ಶಾಸ್ತ್ರಕ್ಕೆ ಹೀಬ್ರೂ. ಜೋಗುಳಕ್ಕೆ, ಬೈಗುಳಕ್ಕೆ, ಸಂತೆಯ ಚೌಕಾಸಿಗೆ ಯಿದ್ದಿಶ್. ಓದಿದವರು ಬಹುಕಾಲ ಇದನ್ನು ಭಾಷೆಯೆಂದು ಒಪ್ಪಲೇ ಇಲ್ಲ. 1908ರಲ್ಲಿ ಚೆರ್ನೊವಿಟ್ಸ್ ಪಟ್ಟಣದಲ್ಲಿ, ಅಂದರೆ ಈಗಿನ ಉಕ್ರೇನಿನ ಚೆರ್ನಿವ್ಟ್ಸಿಯಲ್ಲಿ, ಲೇಖಕರು ಸಮ್ಮೇಳನ ನಡೆಸಿ ಅದು ಯೆಹೂದಿಗಳ ರಾಷ್ಟ್ರೀಯ ಭಾಷೆಗಳಲ್ಲೊಂದು ಎಂದು ಘೋಷಿಸಬೇಕಾಯಿತು. 1925ರಲ್ಲಿ ವಿಲ್ನಾದಲ್ಲಿ, ಅಂದರೆ ಈಗಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ‘ಯಿವೊ’ ಎಂಬ ಯಿದ್ದಿಶ್ ಸಂಶೋಧನಾ ಸಂಸ್ಥೆ ಹುಟ್ಟಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಈ ಭಾಷೆಯನ್ನು ಆಡುತ್ತಿದ್ದವರು ಒಂದು ಕೋಟಿಗೂ ಹೆಚ್ಚು. ಭಾರತದ ಯೆಹೂದಿಗಳಿಗೆ ಇದರ ನಂಟಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕೊಚ್ಚಿಯವರದು ಮಲಯಾಳ, ಬೆನೆ ಇಸ್ರೇಲರದು ಮರಾಠಿ. ಯೆಹೂದಿ ಸಂಗೀತವೆಂದರೆ ಕ್ಲೆಜ್ಮರ್ ಮಾತ್ರ ಎಂದುಕೊಳ್ಳುವವರು ಇವರನ್ನು ಮರೆತಿರುತ್ತಾರೆ.

ಆ ಕಾಲದ ಪೂರ್ವ ಯುರೋಪಿನಲ್ಲಿ ಕ್ಲೆಜ್ಮರ್ ಎಂದರೆ ಮದುವೆಗೆ ನುಡಿಸುವ ಕಸುಬುದಾರ. ನಮ್ಮ ಓಲಗದವರ ಹಾಗೆ ಅವನಿಲ್ಲದೆ ಶುಭಕಾರ್ಯ ನಡೆಯುವಂತಿಲ್ಲ, ಆದರೆ ಅವನಿಗೆ ಮಗಳನ್ನು ಕೊಡಲು ಊರಿನ ದೊಡ್ಡವರು ಮುಂದಾಗರು. ಕಸುಬು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಮೇಳದ ಮುಂದಾಳು ಪಿಟೀಲಿನವನು. ಜೊತೆಗೆ ‘ಟ್ಸಿಂಬಲ್’, ಅಂದರೆ ನಮ್ಮ ಸಂತೂರ್‌ನಂತೆ ಕೋಲಿನಿಂದ ತಂತಿ ಬಡಿಯುವ ವಾದ್ಯ. ಕ್ಲಾರಿನೆಟ್ ಮೇಳಕ್ಕೆ ಸೇರಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಜಿಪ್ಸಿ ವಾದ್ಯಗಾರರೊಡನೆ ಕೊಡುಕೊಳ್ಳುವಿಕೆ ಎಷ್ಟಿತ್ತೆಂದರೆ ಯಾವ ಮಟ್ಟು ಯಾರದೆಂದು ಬಿಡಿಸಿ ಹೇಳುವುದು ಕಷ್ಟ.

ಮದುವೆಯ ಪ್ರತಿ ಘಟ್ಟಕ್ಕೂ ಒಂದೊಂದು ನುಡಿಸಾಣಿಕೆ ಇತ್ತು. ವಧುವನ್ನು ಕೂರಿಸಿ ‘ಬದ್ಖನ್’ ಎಂಬ ಪ್ರಾಸಗಾರ ಅವಳ ಮುಂದಿನ ಬದುಕಿನ ಬಗ್ಗೆ ಆಶುಪದ್ಯ ಹೇಳುತ್ತಾನೆ, ಪಿಟೀಲು ಅವನ ಹಿಂದೆಯೇ ಅಳುತ್ತದೆ, ಹೆಂಗಸರೂ ಅಳುತ್ತಾರೆ. ಹಾಗೆ ಅಳಿಸಿದವನೇ ಸ್ವಲ್ಪ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುತ್ತಾನೆ. ನೆಂಟರನ್ನು ಒಬ್ಬೊಬ್ಬರಾಗಿ ಬರಮಾಡಿಕೊಳ್ಳಲು ಒಂದು ಮಟ್ಟು, ವೃತ್ತದಲ್ಲಿ ಕುಣಿಯಲು ‘ಫ್ರೇಲೆಖ್ಸ್’, ನಾಲ್ಕು ಜೋಡಿಗಳು ಎದುರುಬದುರಾಗಿ ಕುಣಿಯಲು ‘ಶೇರ್’, ಕೂತು ಕೇಳಲು ತಾಳವಿಲ್ಲದ ‘ದೋಯ್ನ’. ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲೊಂದು ಕುತೂಹಲವಿದೆ. ಕ್ಲೆಜ್ಮರ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಫ್ರೇಗಿಶ್’ ಶ್ರೇಣಿಯ ಸ್ವರಗಳು ವಕುಳಾಭರಣ ಮೇಳದವೇ. ‘ಮಿಶೆಬೇರಖ್’ ಎಂಬ ಇನ್ನೊಂದರವು ಹೇಮವತಿಯವು. ಹಾಗೆಂದು ರಾಗ ಹುಡುಕಲು ಹೋದರೆ ಸಿಗುವುದಿಲ್ಲ. ನಮ್ಮಲ್ಲಿ ಓಲಾಡುವ ಸ್ವರ ಅಲ್ಲಿ ಬಿಕ್ಕುತ್ತದೆ. ಆ ಬಿಕ್ಕಿಗೆ ‘ಕ್ರೆಖ್ಟ್ಸ್’ ಎಂದು ಹೆಸರು; ಕಲಿಯುವವರನ್ನು ಹೆಚ್ಚು ಸತಾಯಿಸುವುದೂ ಅದೇ.

ಈ ಲೋಕ ಒಮ್ಮೆಗೇ ಮುಳುಗಲಿಲ್ಲ. 1881ರಿಂದ 1924ರವರೆಗೆ ಸುಮಾರು ಇಪ್ಪತ್ತು ಲಕ್ಷ ಯೆಹೂದಿಗಳು ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ಹೋದರು, ವಾದ್ಯಗಾರರೂ ಹೋದರು. ಈಗಿನ ಪೋಲೆಂಡ್-ಉಕ್ರೇನ್ ಗಡಿಸೀಮೆಯಾದ ಗಲಿಸಿಯಾದ ನಫ್ತುಲೆ ಬ್ರಾಂಡ್‌ವೈನ್, ಉಕ್ರೇನಿನ ಡೇವ್ ತಾರಸ್ ಎಂಬ ಕ್ಲಾರಿನೆಟ್ ವಾದಕರು ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿ ಹೆಸರಾದರು. ತನ್ನ ಬೆರಳಾಟ ಯಾರೂ ಕದಿಯಬಾರದೆಂದು ಬ್ರಾಂಡ್‌ವೈನ್ ಸಭೆಗೆ ಬೆನ್ನು ಹಾಕಿ ನುಡಿಸುತ್ತಿದ್ದ ಎಂಬ ಕಥೆಯಿದೆ. ನಿಜವೋ ಸುಳ್ಳೋ, ಅವನ ತಟ್ಟೆಗಳನ್ನು ಕೇಳಿದವರು ನಂಬಿಬಿಡುತ್ತಾರೆ. 1924ರ ಕಾನೂನು ವಲಸೆಯ ಬಾಗಿಲು ಮುಚ್ಚಿತು, ಹೊಸ ಕೇಳುಗರು ಬರುವುದು ನಿಂತಿತು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಮದುವೆಯಲ್ಲಿ ‘ಸ್ವಿಂಗ್’ ಎಂಬ ಜಾಝ್ ಕುಣಿತದ ಸಂಗೀತ ಬೇಕಿತ್ತು.

ಅತ್ತ ಯುರೋಪಿನಲ್ಲಿ ನಾಜಿಗಳು ಕೊಂದ ಅರವತ್ತು ಲಕ್ಷ ಯೆಹೂದಿಗಳಲ್ಲಿ ಬಹುಪಾಲು ಯಿದ್ದಿಶ್ ಆಡುವವರು. ಸೋವಿಯತ್ ಒಕ್ಕೂಟದಲ್ಲಿ ಉಳಿದದ್ದನ್ನು ಸ್ಟಾಲಿನ್ ಮುಗಿಸಲು ಹೊರಟ. 1952ರ ಆಗಸ್ಟ್ 12ರಂದು ಮಾಸ್ಕೋದಲ್ಲಿ ಗುಂಡಿಗೆ ಬಲಿಯಾದ 13 ಮಂದಿಯಲ್ಲಿ ಯಿದ್ದಿಶ್ ಕವಿಗಳಿದ್ದರು. ಕೀವ್‌ನಲ್ಲಿ ಮೇಣದ ಸಿಲಿಂಡರ್‌ಗಳ ಮೇಲೆ ಈ ಸಂಗೀತವನ್ನು ಸಂಗ್ರಹಿಸಿದ್ದ ವಿದ್ವಾಂಸ ಮೊಯ್ಸೆ ಬೆರೆಗೊವ್‌ಸ್ಕಿಯನ್ನು 1950ರಲ್ಲಿ ಬಂಧಿಸಿ ಸೈಬೀರಿಯಾದ ಶಿಬಿರಕ್ಕೆ ಕಳಿಸಲಾಯಿತು. ಅವರು 1961ರಲ್ಲಿ ತೀರಿಕೊಂಡರು. ಸಂಗ್ರಹ ಯುದ್ಧದಲ್ಲಿ ನಾಶವಾಯಿತೆಂದೇ ಹಲವರು ನಂಬಿದ್ದರು. 1990ರ ದಶಕದಲ್ಲಿ ಅದು ಕೀವ್‌ನ ವೆರ್ನಾಡ್‌ಸ್ಕಿ ಗ್ರಂಥಾಲಯದಲ್ಲಿ ಸಿಕ್ಕಿತು. ಇಸ್ರೇಲ್‌ನಲ್ಲೂ ಯಿದ್ದಿಶಿಗೆ ಆದರವಿರಲಿಲ್ಲ. ಹೊಸ ದೇಶಕ್ಕೆ ಹೀಬ್ರೂ ಬೇಕಿತ್ತು, ಹಳೆಯ ಗಲ್ಲಿಗಳ ಭಾಷೆ ಮುಜುಗರವಾಗಿತ್ತು.

ಮರುಹುಟ್ಟಿನ ಕಥೆ ಅಮೆರಿಕದ್ದು, ಅದೂ ಅಡ್ಡದಾರಿಯಲ್ಲಿ ಬಂದದ್ದು. ನಾಜಿ ಹತ್ಯಾಕಾಂಡದಿಂದ ಪಾರಾದವರ ಮಗ ಹೆನ್ರಿ ಸಪೋಜ್ನಿಕ್ 1970ರ ದಶಕದಲ್ಲಿ ಬ್ಯಾಂಜೊ ಕಲಿಯಲು ನಾರ್ತ್ ಕರೊಲಿನಾದ ಬೆಟ್ಟಸೀಮೆಯ ಹಿರಿಯ ವಾದಕ ಟಾಮಿ ಜರೆಲ್ ಬಳಿ ಹೋಗುತ್ತಿದ್ದರು. ನಿಮ್ಮವರದೇ ಸಂಗೀತ ಅಂತ ಏನೂ ಇಲ್ಲವೇ ಎಂದು ಜರೆಲ್ ಕೇಳಿದರಂತೆ. ಆ ಪ್ರಶ್ನೆಯೇ ಅವರನ್ನು ಹಳೆಯ ತಟ್ಟೆಗಳತ್ತ ತಿರುಗಿಸಿತು. ಅದೇ ದಶಕದಲ್ಲಿ ಬರ್ಕ್ಲಿಯಲ್ಲಿ ‘ದಿ ಕ್ಲೆಜ್ಮೊರಿಮ್’ ತಂಡ ಹುಟ್ಟಿತ್ತು. ನ್ಯೂಯಾರ್ಕಿನಲ್ಲಿ ಆಂಡಿ ಸ್ಟಾಟ್‌ಮನ್ ಮುದುಕ ತಾರಸ್‌ರಿಂದ ಪಾಠ ಹೇಳಿಸಿಕೊಳ್ಳುತ್ತಿದ್ದರು. 1978ರಲ್ಲಿ ತಾರಸ್ ಮತ್ತೆ ವೇದಿಕೆಗೆ ಬಂದಾಗ ಅವರ ವಯಸ್ಸು ಎಂಬತ್ತರ ಆಸುಪಾಸು.

ಆದರೆ ತಟ್ಟೆ ಕೇಳಿ ಕಲಿತ ಸಂಗೀತಕ್ಕೆ ನೆಲವಿರಲಿಲ್ಲ. ಮೂರು ನಿಮಿಷದ ತಟ್ಟೆ ಮಟ್ಟನ್ನು ತೋರಿಸಬಲ್ಲದು. ಎಷ್ಟು ಹೊತ್ತು ನುಡಿಸಬೇಕು, ಕುಣಿಯುವ ಕಾಲು ಎಲ್ಲಿ ಬೀಳುತ್ತದೆ, ಯಾವ ಕ್ಷಣದಲ್ಲಿ ನಿಲ್ಲಿಸಬೇಕು ಎಂಬುದನ್ನು ಮದುವೆಯಷ್ಟೇ ಕಲಿಸುತ್ತಿತ್ತು. ಆ ಮದುವೆಯೇ ಇಲ್ಲವಾಗಿತ್ತು. 1985ರಲ್ಲಿ ಸಪೋಜ್ನಿಕ್ ಮತ್ತು ಗಾಯಕಿ ಏಡ್ರಿಯೆನ್ ಕೂಪರ್ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ‘ಕ್ಲೆಜ್‌ಕ್ಯಾಂಪ್’ ಆರಂಭಿಸಿದ್ದರ ನಿಜವಾದ ಮಹತ್ವ ಇದು ಎಂದು ನನಗನಿಸುತ್ತದೆ. ಅವರು ಕಟ್ಟಿದ್ದು ಬರಿಯ ಶಾಲೆಯಲ್ಲ, ಸಂಗೀತಕ್ಕೆ ಬೇಕಾದ ಸಂದರ್ಭ. ಮಕ್ಕಳು, ಅಜ್ಜಂದಿರು, ಅಡುಗೆ, ಭಾಷೆಯ ತರಗತಿ, ಕುಣಿತ ಎಲ್ಲವೂ ಒಂದೇ ಹೋಟೆಲಿನ ಸೂರಿನಡಿ. ಬುಕೊವಿನಾದಲ್ಲಿ ಬೆಳೆದ ಪಿಟೀಲುಗಾರ ಲಿಯೊನ್ ಶ್ವಾರ್ಟ್ಸ್‌ರಂಥ ಹಿರಿಯರು ಅಲ್ಲಿ ಮೇಷ್ಟರಾದರು. ಮೊಲ್ಡೋವಾದಿಂದ 1994ರಲ್ಲಿ ಬ್ರೂಕ್ಲಿನ್‌ಗೆ ಬಂದ ಕ್ಲಾರಿನೆಟ್ ವಾದಕ ಗೆರ್ಮನ್ ಗೋಲ್ಡೆನ್‌ಶ್ಟೆಯ್ನ್ ತಮ್ಮೂರ ಸೀಮೆಯ ಮದುವೆಗಳಲ್ಲಿ ಬರೆದಿಟ್ಟುಕೊಂಡ ನೂರಾರು ಮಟ್ಟುಗಳ ಪುಸ್ತಕ ತಂದಿದ್ದರು. ಯಾವ ತಟ್ಟೆಯಲ್ಲೂ ಇಲ್ಲದ ಅವು ಇಂದು ಕ್ಲೆಜ್ಮರ್ ಕೂಟಗಳಲ್ಲಿ ದಿನಬಳಕೆಯ ಮಟ್ಟುಗಳು. ಕ್ಲೆಜ್‌ಕ್ಯಾಂಪ್ 2014ರಲ್ಲಿ ಕೊನೆಗೊಂಡಿತು; ಯಿದ್ದಿಶ್ ನ್ಯೂಯಾರ್ಕ್ ಬಂದದ್ದು ಆ ತೆರವಿಗೆ. ಈ ನಡುವೆ 1995ರಲ್ಲಿ ಟೊರಾಂಟೊದ ‘ಅಷ್ಕೆನಾಜ್’, 1996ರಲ್ಲಿ ಕ್ವಿಬೆಕ್‌ನ ‘ಕ್ಲೆಜ್‌ಕೆನಡಾ’ ಹುಟ್ಟಿದ್ದವು.

ಯುರೋಪಿನಲ್ಲಿ ಮಾತು ಬೇರೆ. ಪೋಲೆಂಡಿನ ಕ್ರಾಕೋವ್‌ನಲ್ಲಿ 1988ರಿಂದ ನಡೆಯುತ್ತಿರುವ ಯೆಹೂದಿ ಸಂಸ್ಕೃತಿ ಉತ್ಸವವನ್ನು ಕಟ್ಟಿದ ಯಾನುಷ್ ಮಕುಖ್ ಮತ್ತು ಕ್ಷಿಷ್ಟೋಫ್ ಗೆರಾತ್ ಇಬ್ಬರೂ ಯೆಹೂದಿಗಳಲ್ಲ. ಯುದ್ಧಕ್ಕೆ ಮುಂಚೆ ನಗರದ ಕಾಲು ಭಾಗದಷ್ಟಿದ್ದ ಯೆಹೂದಿಗಳು ಈಗ ಬೆರಳೆಣಿಕೆ. ಹಳೆಯ ಯೆಹೂದಿ ಬಡಾವಣೆ ಕಾಜಿಮಿಯೆಜ್‌ನ ಶೆರೋಕಾ ಬೀದಿಯಲ್ಲಿ ಉತ್ಸವದ ದಿನಗಳಲ್ಲಿ ಸಾವಿರಾರು ಮಂದಿ ಕುಣಿದಿದ್ದಾರೆ. ಇದು ಸತ್ತವರ ಮನೆಯಲ್ಲಿ ನಡೆಸುವ ಜಾತ್ರೆ ಎಂದು ಕೆಲವರು ಹಳಿದಿದ್ದಾರೆ. ಪ್ರವಾಸಿಗರಿಗಾಗಿ ಯೆಹೂದಿ ರೂಪದ ಮರದ ಗೊಂಬೆ ಮಾರುವ ಅಂಗಡಿಗಳನ್ನು ಕಂಡರೆ ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾರೂ ನುಡಿಸದೆ ಬೀದಿ ಸುಮ್ಮನಿದ್ದರೆ ಸತ್ತವರಿಗೆ ಹೆಚ್ಚು ಗೌರವ ಸಲ್ಲುತ್ತದೆ ಎಂಬ ವಾದವನ್ನು ನಾನು ಒಪ್ಪಲಾರೆ. ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಿಂದ ಕೆಲವೇ ಕಿಲೋಮೀಟರ್ ದೂರದ, ಜರ್ಮನಿಯ ವೈಮಾರ್‌ನಲ್ಲಿ ಸಂಗೀತಗಾರ ಆಲನ್ ಬರ್ನ್ ನಡೆಸಿದ ‘ಯಿದ್ದಿಶ್ ಸಮ್ಮರ್’ ಬೇರೆ ದಾರಿ ಹಿಡಿಯಿತು. ಅಲ್ಲಿ ಕಛೇರಿಗಿಂತ ಕಾರ್ಯಾಗಾರಕ್ಕೇ ತೂಕ. ಜರ್ಮನ್ ಯುವಕರು ವಾರಗಟ್ಟಲೆ ಕೂತು ಭಾಷೆ, ಹಾಡು, ಹೆಜ್ಜೆ ಕಲಿಯುತ್ತಾರೆ.

ಇನ್ನು ಬ್ರೂಕ್ಲಿನ್‌ನ ಹಸಿದಿಕ್ ಮದುವೆಗಳ ವಿಷಯ. ಅಲ್ಲಿ ಕುಣಿತಕ್ಕೆ ಬರವಿಲ್ಲ, ಬದ್ಖನ್ ಕೂಡ ಇನ್ನೂ ಇದ್ದಾನೆ. ಆದರೆ ಮೇಳದಲ್ಲಿರುವುದು ಎಲೆಕ್ಟ್ರಾನಿಕ್ ಕೀಬೋರ್ಡ್, ಗಂಡಸರು ಹೆಂಗಸರು ಬೇರೆ ಬೇರೆ ಕುಣಿಯುತ್ತಾರೆ, ಹೊಸ ಪಾಪ್ ಧಾಟಿಯ ಭಕ್ತಿಗೀತೆಗಳಿಗೆ ಬೇಡಿಕೆ. ಉತ್ಸವಗಳ ಕಡೆಗೆ ಬರುವವರಲ್ಲಿ ಎಡಪಂಥೀಯರು, ದೇವರನ್ನು ನಂಬದವರು, ಸಲಿಂಗಿಗಳು ಧಾರಾಳವಾಗಿದ್ದಾರೆ. 1986ರಲ್ಲಿ ಆರಂಭವಾಗಿ 2007ರಲ್ಲಿ ಗ್ರ್ಯಾಮಿ ಗೆದ್ದ ‘ಕ್ಲೆಜ್ಮಾಟಿಕ್ಸ್’ ತಂಡ ಈ ಸ್ವಭಾವವನ್ನು ಎಂದೂ ಮುಚ್ಚಿಟ್ಟಿಲ್ಲ. ಇಬ್ಬರೂ ಒಂದೇ ಅಜ್ಜಿಯ ಆಸ್ತಿಗೆ ವಾರಸುದಾರರು. ಒಬ್ಬರಿಗೆ ಮಾತು ಸಿಕ್ಕಿತು, ಇನ್ನೊಬ್ಬರು ಮಟ್ಟು ಎತ್ತಿಕೊಂಡರು. ಇತ್ತೀಚೆಗೆ ಹಸಿದಿಕ್ ಮನೆಗಳನ್ನು ಬಿಟ್ಟು ಬಂದ ಕೆಲವರು ಈ ಕೂಟಗಳಲ್ಲಿ ಭಾಷೆ ಕಲಿಸುತ್ತಿದ್ದಾರೆ. ಕೀವ್ ಗ್ರಂಥಾಲಯದಲ್ಲಿದ್ದ ಕೈಬರಹದ ಸಂಗೀತ ಪುಸ್ತಕಗಳ ಚಿತ್ರಗಳನ್ನು ಹಲವು ದೇಶಗಳ ಸ್ವಯಂಸೇವಕರು ಮನೆಯಲ್ಲೇ ಕೂತು ಸ್ವರಲಿಪಿಗೆ ಇಳಿಸುತ್ತಿದ್ದಾರೆ. ಆ ಪುಟಗಳಲ್ಲಿ ಯಾರ ಕಿವಿಗೂ ನೂರು ವರ್ಷ ಬೀಳದಿದ್ದ ಮದುವೆಯ ಮಟ್ಟುಗಳಿವೆ. ಅವುಗಳ ವೇಗ ಎಷ್ಟು, ಬಿಕ್ಕು ಎಲ್ಲಿ ಎಂಬ ಜಗಳ ಸಂಗೀತ ಶಿಬಿರಗಳಲ್ಲಿ ಆಗಲೇ ಶುರುವಾಗಿದೆ.